ಚೊಚ್ಚಲು ಎಂದು ಬರೆಸಿದ್ದು

ವಿಭಾ ಎರಡನೇ ಸಲ ಬಸುರಾದಾಗ ಮನೆಯಲ್ಲಿ ಎಲ್ಲರೂ ಅದನ್ನು ಚೊಚ್ಚಲು ಎಂದೇ ಕರೆದರು.

ಮೊದಲನೆಯದು ಐದು ತಿಂಗಳಿಗೇ ಹೋಗಿತ್ತು. ಗೌರಿಹಬ್ಬಕ್ಕೆಂದು ಗಂಡನ ಊರು ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ ಬೆಳಿಗ್ಗೆ ಬಚ್ಚಲಮನೆಯಲ್ಲಿ ನೀರು ಹೋಯಿತು. ಹೇಳಿಕೊಳ್ಳುವಂಥ ನೋವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅಲ್ಲಿನ ನರ್ಸಿಂಗ್ ಹೋಮಿನ ಡಾಕ್ಟರು, ಗರ್ಭಕೋಶದ ಬಾಯಿ ತಾನಾಗಿಯೇ ತೆರೆದುಕೊಂಡಿದೆ, ಇನ್ನೊಂದು ಸಲ ನಿಂತರೆ ಮೊದಲ ತಿಂಗಳಲ್ಲೇ ಈ ವಿಷಯ ಹೇಳಿ ಎಂದು ಒಂದು ಹಾಳೆ ಬರೆದುಕೊಟ್ಟರು. ಆ ಮಾತು ವಿಭಾಳ ಕಿವಿಗೆ ಬಿದ್ದಿತ್ತು. ಹಾಳೆ ಮಾತ್ರ ಅತ್ತೆ ಜಯಲಕ್ಷ್ಮಮ್ಮನ ಕೈಗೆ ಹೋಗಿ, ಅಲ್ಲಿಂದ ಬೀರುವಿನೊಳಗೆ ಸೇರಿತು. ಅಕ್ಕಪಕ್ಕದವರಿಗೆ ವಾಂತಿಭೇದಿ ಅಂತ ಹೇಳಿದರು. ಮದ್ರಾಸಿನಲ್ಲಿದ್ದ ವಿಭಾಳ ಅಪ್ಪನಿಗೂ ಅದನ್ನೇ ಹೇಳಿದ್ದು.

ವಿಭಾಳ ತವರು ವೆಸ್ಟ್ ಮಾಂಬಲಂ. ಅಜ್ಜನ ಕಾಲದಲ್ಲೇ ಅಲ್ಲಿಗೆ ಬಂದು ನೆಲೆಸಿದ ಮನೆ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ಅಪ್ಪ ಸತ್ಯಾತ್ಮ ರೈಲ್ವೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ವಿಭಾ ಕೋಡಂಬಾಕಂನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಗಂಡ ಶ್ರೀನಾಥ್ ಶ್ರೀಪೆರಂಬದೂರಿನ ಕಡೆ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಮ್ಯಾನೇಜರು. ಅವನ ಓಡಾಟಕ್ಕೆ ಅನುಕೂಲವೆಂದು ಪೋರೂರಿನಲ್ಲಿ ಮನೆ ಮಾಡಿದ್ದರು.

ಐದು ತಿಂಗಳು ಕಳೆಯುವುದರೊಳಗೆ ಮತ್ತೆ ನಿಂತಿತು. ನೋಡಿಕೊಳ್ಳಲು ತವರಲ್ಲಿ ಹೆಂಗಸರಿಲ್ಲ ಎಂದು ಜಯಲಕ್ಷ್ಮಮ್ಮನೇ ಊರಿಂದ ಹೊರಟು ಬಂದರು. ಬಂದ ದಿನವೇ, ವಿಭಾಳ ತಲೆಗೆ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಹೇಳಿದರು.

"ಆಸ್ಪತ್ರೇಲಿ ಹಳೇದೇನೂ ಎತ್ತಬೇಡ ಕಣಮ್ಮ. ಇದೇ ಮೊದಲನೇದು ಅನ್ನು."

"ಆ ಡಾಕ್ಟರು ಹೇಳು ಅಂದಿದ್ರಲ್ಲ ಅತ್ತೆ."

"ಅವರು ಎಲ್ಲಾರಿಗೂ ಹಾಗೇ ಅಂತಾರೆ. ಐದು ತಿಂಗಳಿಂದು ಲೆಕ್ಕಕ್ಕೆ ಬರುತ್ತಾ? ನೋಡು, ವಂದನಾ ಮದುವೆ ಮಾತು ನಡೀತಿದೆ. ಹುಡುಗನ ಚಿಕ್ಕಮ್ಮ ನೀನು ತೋರಿಸಿಕೊಳ್ಳೋ ಪೋರೂರಿನ ಆಸ್ಪತ್ರೇಲೇ ಕೆಲಸ ಮಾಡೋದು, ಫೈಲುಗಳನ್ನ ಇಡೋ ಕಡೆ. ಈ ಮನೇಲಿ ಹೊಟ್ಟೆ ನಿಲ್ಲಲ್ಲ ಅಂತ ಒಂದು ಮಾತು ಹೊರಗೆ ಬಿತ್ತು ಅಂದ್ರೆ ಮುಗೀತು."

ವಂದನಾ ಶ್ರೀನಾಥನ ತಂಗಿ. ಇಪ್ಪತ್ತೇಳು ದಾಟಿತ್ತು. ಎರಡು ಸಂಬಂಧ ನಿಶ್ಚಯದವರೆಗೂ ಬಂದು ತಪ್ಪಿದ್ದವು. ಈಗ ಬಂದಿದ್ದ ಮೋಹನ್ ವೇಲಚೇರಿಯಲ್ಲಿ ಸ್ವಂತ ಫ್ಲ್ಯಾಟು ಇಟ್ಟುಕೊಂಡಿದ್ದ, ಒಳ್ಳೆಯ ಹುಡುಗ. ವಿಭಾ ರಾತ್ರಿ ಗಂಡನನ್ನು ಕೇಳಿದಾಗ ಅವನು, "ಅಮ್ಮ ಹೇಳೋದರಲ್ಲೂ ಅರ್ಥ ಇದೆ. ಡಾಕ್ಟರು ಹೇಗೂ ಸ್ಕ್ಯಾನ್ ಮಾಡ್ತಾರಲ್ಲ, ಏನಾದರೂ ಇದ್ದರೆ ಅವರಿಗೇ ಕಾಣುತ್ತೆ" ಎಂದ.

ಪೋರೂರಿನ ಆಸ್ಪತ್ರೆಯ ಡಾಕ್ಟರ್ ತಮಿಳ್‌ಸೆಲ್ವಿ ಐವತ್ತರ ಆಸುಪಾಸಿನ, ನಿಧಾನವಾಗಿ ಮಾತಾಡುವ ಹೆಂಗಸು. ಫೈಲು ತೆರೆದು ಒಂದೊಂದಾಗಿ ಕೇಳಿದರು. ವಯಸ್ಸು ಎಷ್ಟು. ಸಕ್ಕರೆ, ರಕ್ತದೊತ್ತಡ ಇದೆಯಾ. ಮೂತ್ರದಲ್ಲಿ ಉರಿ ಬರುತ್ತಾ. ದಿನಕ್ಕೆ ಎಷ್ಟು ಹೊತ್ತು ನಿಂತು ಕೆಲಸ ಮಾಡ್ತೀಯ. ಆಮೇಲೆ, "ಇದು ಮೊದಲನೆಯದಾ?"

"ಹೌದು ಡಾಕ್ಟರ್" ಎಂದ ಶ್ರೀನಾಥ್.

ಡಾಕ್ಟರು ಅವನ ಕಡೆ ನೋಡಲಿಲ್ಲ. "ನಿನ್ನನ್ನ ಕೇಳ್ತಿದ್ದೀನಮ್ಮ. ಇದಕ್ಕೆ ಮುಂಚೆ ಏನಾದರೂ ಹೋಗಿತ್ತಾ? ಕ್ಲೀನ್ ಮಾಡಿಸಿದ್ದು, ಬೇಗ ಹೆರಿಗೆ ಆಗಿದ್ದು?"

"ಇಲ್ಲ" ಎಂದಳು ವಿಭಾ.

ಪರೀಕ್ಷೆ ಮಾಡಲು ಹಾಸಿಗೆಯ ಮೇಲೆ ಮಲಗಿಸಿ ನರ್ಸು ಪರದೆ ಎಳೆದಳು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ದನಿ ತಗ್ಗಿಸಿ ಇನ್ನೊಮ್ಮೆ ಕೇಳಿದರು. "ಇಲ್ಲಿ ನಾವಿಬ್ಬರೇ ಇರೋದು. ಮದುವೆಗೆ ಮುಂಚಿನದಾದರೂ ಸರಿ, ಯಾರಿಗೂ ಹೇಳಲ್ಲ. ಏನಾದರೂ ಹೇಳೋದಿದೆಯಾ?" ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಅದರ ಕೆಳಗೆ, ಜೊತೆಗೆ ಬಂದಿದ್ದ ಅತ್ತೆಯ ಪಾದಗಳು ಕಾಣುತ್ತಿದ್ದವು. ಅವರಿಗೆ ತಮಿಳು ಬಾರದು ಅಂತ ವಿಭಾಳಿಗೆ ಗೊತ್ತಿತ್ತು. ಆದರೂ ಇಲ್ಲ ಎಂದೇ ಹೇಳಿದಳು. ಮೊದಲ ಸಲದ ಸುಳ್ಳನ್ನು ಗಂಡ, ಅತ್ತೆ ಸೇರಿ ಅವಳ ಬಾಯಲ್ಲಿ ಇಟ್ಟಿದ್ದರು. ಎರಡನೆಯದನ್ನು ಅವಳೇ ಹೇಳಿದ್ದು. ಮುಂದೆ ಎಷ್ಟೋ ತಿಂಗಳು ಅವಳನ್ನು ಕೊರೆದದ್ದು ಇದೇ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಕೈಕಾಲು, ಹೃದಯ ಎಲ್ಲ ಸರಿಯಾಗಿದ್ದವು. ಆ ತಿಂಗಳ ಕೊನೆಯಲ್ಲಿ ವಂದನಾಳ ನಿಶ್ಚಿತಾರ್ಥವಾಯಿತು, ವಿಭಾ ಹಸಿರು ಸೀರೆ ಉಟ್ಟು ಆರತಿ ಎತ್ತಿದಳು. ಆರಕ್ಕೆ ಬಿದ್ದ ಮೇಲೆ ಕಿಬ್ಬೊಟ್ಟೆ ಭಾರವಾಗಿ ಕೆಳಗೆ ಜಗ್ಗಿದ ಹಾಗಾಗತೊಡಗಿತು. ಒಳಬಟ್ಟೆ ಆಗಾಗ ಒದ್ದೆಯಾಗುತ್ತಿತ್ತು. ಅತ್ತೆಗೆ ಹೇಳಿದರೆ, "ಬಿಳಿಸೆರಗು, ಉಷ್ಣಕ್ಕೆ ಹಾಗಾಗುತ್ತೆ, ಎಳನೀರು ಕುಡಿ" ಎಂದರು. ಮುಂದಿನ ಸೋಮವಾರ ಹತ್ತನೇ ತರಗತಿಗೆ ಪಾಠ ಮುಗಿಸಿ ಟೀಚರುಗಳ ಕೋಣೆಗೆ ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ನೀರು ಹೋಯಿತು. ಆಟೋದಲ್ಲಿ ಪೋರೂರಿಗೆ ಹೋಗಬೇಕು. ಮೆಟ್ರೋ ಕೆಲಸಕ್ಕೆ ಆರ್ಕಾಡ್ ರಸ್ತೆ ಉದ್ದಕ್ಕೂ ಅಗೆದುಬಿಟ್ಟಿದ್ದರು. ಜೊತೆಗಿದ್ದ ಟೀಚರು ಪ್ರತಿ ಹಳ್ಳಕ್ಕೂ "ಮೆಲ್ಲಗಪ್ಪಾ, ಮೆಲ್ಲಗೆ" ಎನ್ನುತ್ತಿದ್ದಳು. ವಿಭಾ ಎರಡು ತೊಡೆಗಳನ್ನು ಬಿಗಿಯಾಗಿ ಒತ್ತಿಕೊಂಡು, ಹಿಡಿದರೆ ನಿಲ್ಲಬಹುದೇನೋ ಎಂಬ ಹಾಗೆ ಕೂತಿದ್ದಳು.

ಪರೀಕ್ಷೆ ಮಾಡಿದ ಡಾಕ್ಟರ್ ತಮಿಳ್‌ಸೆಲ್ವಿ ಕೈಗವಸು ಕಳಚುತ್ತಾ ಕೇಳಿದರು. "ಹಿಂದೆ ಒಂದು ಸಲ ಹೀಗೇ ಆಗಿತ್ತಾ?"

ಈ ಸಲ ಪರದೆಯ ಕೆಳಗೆ ಯಾರ ಪಾದವೂ ಇರಲಿಲ್ಲ. ವಿಭಾ ಎಲ್ಲ ಹೇಳಿದಳು. ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು.

"ಆವತ್ತು ಕೇಳಿದೆನಲ್ಲಮ್ಮ. ಎರಡು ಸಲ ಕೇಳಿದೆ."

"ಹೇಳಿದ್ದರೆ ಉಳೀತಿತ್ತಾ ಡಾಕ್ಟರ್?"

"ಖಂಡಿತ ಅಂತ ನಾನು ಹೇಳಲಾರೆ. ಮೂರು ತಿಂಗಳು ತುಂಬಿದ ಮೇಲೆ ಗರ್ಭಕೋಶದ ಬಾಯಿಗೆ ಒಂದು ಹೊಲಿಗೆ ಹಾಕಬಹುದಿತ್ತು. ಎರಡು ವಾರಕ್ಕೊಮ್ಮೆ ಒಳಗಿನಿಂದ ಅಳೆದು ನೋಡಬಹುದಿತ್ತು. ಹೊಟ್ಟೆ ಮೇಲಿನ ಸ್ಕ್ಯಾನಲ್ಲಿ ಇದು ಸರಿಯಾಗಿ ಕಾಣಲ್ಲ. ಎಲ್ಲಿ ನೋಡಬೇಕು ಅಂತ ನೀವು ಹೇಳಿದರೆ ತಾನೆ ನಾವು ನೋಡೋದು?"

ಮಗುವಿನ ಶ್ವಾಸಕೋಶ ಗಟ್ಟಿಯಾಗಲೆಂದು ಇಂಜೆಕ್ಷನ್ ಕೊಟ್ಟರು. ಎರಡು ದಿನ ಕಳೆದು ಹೆರಿಗೆಯಾಯಿತು. ಇಪ್ಪತ್ತೈದು ವಾರದ ಹೆಣ್ಣುಮಗು, ಏಳುನೂರು ಗ್ರಾಮಿಗೂ ಕಡಿಮೆ. ಗಾಜಿನ ಪೆಟ್ಟಿಗೆಯೊಳಗೆ, ಬೆರಳ ಗಾತ್ರದ ತೊಡೆಗಳನ್ನು ಮಡಿಸಿಕೊಂಡು ಒಂಬತ್ತು ದಿನ ಇತ್ತು. ವಿಭಾ ಎರಡು ಗಂಟೆಗೊಮ್ಮೆ ಹಾಲು ಹಿಂಡಿ ಪುಟ್ಟ ಬಾಟಲಿಯಲ್ಲಿ ಕೊಟ್ಟು ಬರುತ್ತಿದ್ದಳು. ಅದರಲ್ಲಿ ಒಂದು ಮಿಲಿಯನ್ನು ಕೊಳವೆಯಿಂದ ಬಿಡುತ್ತಿದ್ದರು. ಎಂಟನೇ ದಿನ ಮಿದುಳಿನಲ್ಲಿ ರಕ್ತಸ್ರಾವವಾಗಿದೆ ಎಂದರು. ಒಂಬತ್ತನೇ ದಿನ ಬಿಳಿ ಬಟ್ಟೆಯಲ್ಲಿ ಸುತ್ತಿ ಶ್ರೀನಾಥನ ಕೈಗೆ ಕೊಟ್ಟರು. ಹಾಲು ಮಾತ್ರ ಇನ್ನೂ ಎಂಟು ಹತ್ತು ದಿನ ನಿಲ್ಲದೆ ಬಂತು.

ಆಮೇಲೆ ಶುರುವಾದದ್ದು ಕಾರಣ ಹುಡುಕುವ ಕೆಲಸ. ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರೊಬ್ಬಳು ಒಂದು ಫಾರಂ ಹಿಡಿದು ಬಂದು, ಬಸುರಿಗೆ ಮೊದಲು ತೂಕ ಎಷ್ಟಿತ್ತು, ರಕ್ತ ಎಷ್ಟಿತ್ತು, ವಸಡಿನಲ್ಲಿ ಕೀವಿತ್ತಾ, ಎರಡು ಬಸುರಿನ ನಡುವೆ ಎಷ್ಟು ತಿಂಗಳ ಅಂತರ ಎಂದು ಬರೆದುಕೊಂಡು ಹೋದಳು. ತೂಕ ಕಡಿಮೆ, ರಕ್ತ ಕಡಿಮೆ, ಅಂತರ ಕಡಿಮೆ. ಆ ಹುಡುಗಿಯ ದನಿಯಲ್ಲಿ ತಪ್ಪು ಹೊರಿಸುವುದೇನೂ ಇರಲಿಲ್ಲ. ಮನೆಗೆ ಬಂದ ನೆಂಟರ ಬಳಿ ಫಾರಂ ಇರಲಿಲ್ಲ, ಅವರು ಬಾಯಲ್ಲೇ ತುಂಬಿದರು. ಬಸ್ಸಿನಲ್ಲಿ ನಿಂತುಕೊಂಡು ಹೋಗ್ತಿದ್ದಳಂತೆ. ಕೆಲಸ ಬಿಡು ಅಂದರೂ ಬಿಡಲಿಲ್ಲವಂತೆ. ಪರಂಗಿಹಣ್ಣು ತಿಂದಿರಬೇಕು. ಜಯಲಕ್ಷ್ಮಮ್ಮ ಅವರಿಗೆಲ್ಲ ಕಾಫಿ ಕೊಡುತ್ತಾ, "ಏನು ಮಾಡೋದು, ಅವಳ ಮೈ ಅಂಥಾದ್ದು" ಎನ್ನುತ್ತಿದ್ದರು. ಶ್ರೀನಾಥ್ ಅಲ್ಲೇ ಕೂತು ಮೊಬೈಲು ನೋಡುತ್ತಿದ್ದ.

ವಂದನಾಳ ಮದುವೆ ಮೂರು ತಿಂಗಳು ಮುಂದಕ್ಕೆ ಹೋಯಿತು, ಆದರೆ ನಿಲ್ಲಲಿಲ್ಲ. ಮೋಹನನ ಮನೆಯವರು ಒಳ್ಳೆಯವರೇ. ಮಗು ಹೋದದ್ದಕ್ಕೆ ಬಂದು ಕಣ್ಣೀರು ಹಾಕಿ ಹೋದರು. ವಿಭಾ ಮತ್ತೆ ಶಾಲೆಗೆ ಹೋಗತೊಡಗಿದಳು. ಗಂಡನ ಮೇಲೆ ಅವಳಿಗೆ ಸಿಟ್ಟಿತ್ತು. ಆದರೆ ಸಿಟ್ಟನ್ನು ಎತ್ತಿ ಆಡಲು ಹೋದಾಗಲೆಲ್ಲ ತಾನೇ ಹೇಳಿದ ಎರಡನೇ ಸುಳ್ಳು ನಾಲಿಗೆಗೆ ಅಡ್ಡ ಬರುತ್ತಿತ್ತು. ಅತ್ತೆ ಪಾಪ, ಹಳ್ಳಿಯ ಕಡೆಯ ಹೆಂಗಸು, ಹೊಲಿಗೆ, ಅಳತೆ ಇವೆಲ್ಲ ಅವರಿಗೇನು ಗೊತ್ತು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಮದುವೆಯಾದ ವರ್ಷದಲ್ಲೇ ವಂದನಾ ಬಸುರಾದಳು.

ಮಗಳ ಬಸುರಿಗೆ ಎರಡೂವರೆ ತಿಂಗಳಾದಾಗ ಜಯಲಕ್ಷ್ಮಮ್ಮ ಮತ್ತೆ ಊರಿಂದ ಬಂದರು. ವೇಲಚೇರಿಯಲ್ಲೇ ಎಷ್ಟೋ ಆಸ್ಪತ್ರೆಗಳಿದ್ದರೂ ಪೋರೂರಿನ ಅದೇ ಡಾಕ್ಟರಿಗೇ ತೋರಿಸಬೇಕು ಎಂದು ಪಟ್ಟು ಹಿಡಿದರು. ಮೋಹನನಿಗೆ ರಜೆ ಸಿಗಲಿಲ್ಲ. ವಿಭಾ ಜೊತೆಗೆ ಹೋದಳು. ವಂದನಾಳನ್ನು ನೋಡಿ, ರಕ್ತ ಪರೀಕ್ಷೆಗೆಂದು ಕೆಳಗಿನ ಮಹಡಿಗೆ ಕಳಿಸಿದ ಮೇಲೆ ಜಯಲಕ್ಷ್ಮಮ್ಮ ಕುರ್ಚಿಯಿಂದ ಏಳಲಿಲ್ಲ.

"ವಿಭಾ, ಡಾಕ್ಟರಮ್ಮನಿಗೆ ನಾನು ಒಂದು ವಿಷಯ ಹೇಳಬೇಕು. ತಮಿಳಲ್ಲಿ ಹೇಳು. ವಂದನಾ ಬರೋದ್ರೊಳಗೆ ಮುಗೀಲಿ, ಅವಳು ಹೆದರ್ಕೋತಾಳೆ."

ವಿಭಾ ತಲೆಯಾಡಿಸಿದಳು.

"ನನಗೆ ಶ್ರೀನಾಥನಿಗಿಂತ ಮುಂಚೆ ಎರಡು ಆಗಿದ್ವು ಅಂತ ಹೇಳು. ಎರಡೂ ಆರೇಳು ತಿಂಗಳಿಗೇ ಹುಟ್ಟಿ ಹೋದ್ವು. ನೋವೇ ಇಲ್ಲದೆ."

ವಿಭಾ ಹೇಳಿದಳು. ಡಾಕ್ಟರು ಪೆನ್ನು ಎತ್ತಿಕೊಂಡರು.

"ಮೂರನೇ ಸಲಕ್ಕೆ ಹಾಸನದಲ್ಲಿ ಒಬ್ಬರು ಡಾಕ್ಟರಮ್ಮ ಕೆಳಗಡೆ ಹೊಲಿಗೆ ಹಾಕಿದ್ರು. ಒಂಬತ್ತು ತಿಂಗಳು ನಿಂತು ಶ್ರೀನಾಥ ಹುಟ್ಟಿದ. ವಂದನಾ ಹೊಟ್ಟೇಲಿದ್ದಾಗಲೂ ಹಾಗೇ ಹಾಕಿದ್ರು. ತಾಯಿಗಿದ್ದರೆ ಮಗಳಿಗೂ ಬರಬಹುದು ಅಂತ ಅವರೇ ಹೇಳಿದ್ರು. ಇವಳಿಗೂ ನೋಡಿ ಹಾಕಿ ಅಂತ ಹೇಳು."

ಹೊಲಿಗೆಗೆ ತಮಿಳಿನಲ್ಲಿ ಏನನ್ನುತ್ತಾರೆ ಎಂಬುದು ಹುಟ್ಟಿದಾಗಿನಿಂದ ತಮಿಳಾಡಿದ ವಿಭಾಳಿಗೆ ಒಂದು ಗಳಿಗೆ ಮರೆತೇಹೋಯಿತು. ತೈಯಲ್. ಆ ಮಾತು ಸಿಕ್ಕಿದ ಮೇಲೆ ಉಳಿದದ್ದನ್ನೆಲ್ಲ ಸರಾಗವಾಗಿ ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಅವರಿಗೆ ನೆನಪಿತ್ತು. ಬಾಯಿ ತೆರೆದರು, ಆದರೆ ಏನೂ ಕೇಳದೆ ಮತ್ತೆ ಫೈಲಿನ ಕಡೆ ಬಾಗಿದರು.

"ಏನಂತೆ?" ಎಂದರು ಜಯಲಕ್ಷ್ಮಮ್ಮ.

ವಿಭಾ ಅತ್ತೆಯ ಕಡೆ ತಿರುಗಿದಳು. "ಸೊಸೆಯನ್ನ ಕರಕೊಂಡು ಬಂದಾಗ ಇದನ್ನ ಯಾಕೆ ಹೇಳಲಿಲ್ಲ ಅಂತ ಕೇಳ್ತಿದ್ದಾರೆ."

ಡಾಕ್ಟರು ಕೇಳಿದರೆಂದೇ ಜಯಲಕ್ಷ್ಮಮ್ಮ ನಂಬಿದರು. ಸೆರಗು ಸರಿಮಾಡಿಕೊಂಡು, ಡಾಕ್ಟರನ್ನೇ ನೋಡುತ್ತಾ, ವಿಭಾ ಅಲ್ಲಿ ಬರೀ ಒಂದು ನಾಲಿಗೆ ಎಂಬಂತೆ ಉತ್ತರ ಕೊಟ್ಟರು.

"ಆಗ ವಂದನಾ ಮದುವೆ ಮಾತು ನಡೀತಿತ್ತು ಅಂತ ಹೇಳು. ಅದೂ ತಪ್ಪಿದ್ದರೆ ಇನ್ನೊಂದು ಸಂಬಂಧ ಬರ್ತಿರಲಿಲ್ಲ. ಸೊಸೆಗಾದರೆ ವಯಸ್ಸಿದೆ, ಇದು ಹೋದರೂ ಇನ್ನೊಂದು ಆಗುತ್ತೆ ಅಂದ್ಕೊಂಡೆ. ನನಗೂ ಎರಡು ಹೋದ ಮೇಲೆ ಆಗಲಿಲ್ವಾ? ತಾಯಿ ಅಂದ ಮೇಲೆ ಮಗಳಿಗೆ ಮೊದಲು ನೋಡಬೇಕಲ್ಲ. ಡಾಕ್ಟರಮ್ಮನಿಗೂ ಮಕ್ಕಳಿರುತ್ತೆ, ಅರ್ಥ ಆಗುತ್ತೆ ಅಂತ ಹೇಳು."

"ಏನು ಹೇಳಿದರು?" ಎಂದು ಡಾಕ್ಟರು ಕೇಳಿದರು. ವಿಭಾ ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಅಷ್ಟನ್ನೂ ತಮಿಳಿನಲ್ಲಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ನೀನು ಹೊರಗೆ ಕೂತಿರಮ್ಮ. ಮಗಳು ಬರಲಿ, ಅವಳನ್ನ ಹೆದರಿಸದೆ ಮುಂದೆ ಏನು ಮಾಡಬೇಕು ಅನ್ನೋದನ್ನ ಮಾತ್ರ ಇಂಗ್ಲಿಷಲ್ಲಿ ನಾನೇ ಹೇಳ್ತೀನಿ" ಎಂದರು.

ಹೊರಗೆ ಬಂದ ವಿಭಾ ಬಸುರಿಯರ ಸಾಲಿನ ನಡುವೆ ಖಾಲಿಯಿದ್ದ ಒಂದು ಕುರ್ಚಿಯಲ್ಲಿ ಕೂತಳು. ಅಳು ಬರಲಿಲ್ಲ. ಪಕ್ಕದವಳು, "ಎಷ್ಟನೇ ತಿಂಗಳು?" ಎಂದು ಕೇಳಿದಳು. ಜೊತೆಗೆ ಬಂದಿದ್ದೀನಿ ಅಷ್ಟೇ ಎಂದಳು ವಿಭಾ.

ಅಂದು ಸಂಜೆ ಅವಳು ಶ್ರೀನಾಥನಿಗೆ ಎಲ್ಲ ಹೇಳಿದಳು. ತಾನು ಹೊಲಿಗೆಯಿಂದ ಉಳಿದ ಮಗು ಎಂಬುದು ಅವನಿಗೂ ಗೊತ್ತಿರಲಿಲ್ಲ. "ಅಮ್ಮನಿಗೆ ಆಗ ತೋಚಿದ್ದು ಅಷ್ಟು. ಈಗ ಕೆದಕಿದರೆ ಯಾರಿಗೇನು ಬರುತ್ತೆ?" ಎಂದ. ಆಮೇಲೆ, "ವಂದನಾಗೆ ಮಾತ್ರ ಹೇಳಬೇಡ. ಈ ಸ್ಥಿತೀಲಿ ಬಿಪಿ ಏರಿದರೆ ಕಷ್ಟ" ಎಂದ.

ಇವರ ಮನೆಯಲ್ಲಿ ಹೇಳಬೇಡ ಎನ್ನುವುದು ಯಾವಾಗಲೂ ಯಾರದೋ ಒಳ್ಳೆಯದಕ್ಕೇ ಆಗಿರುತ್ತದೆ ಎಂದು ವಿಭಾಳಿಗೆ ಅನ್ನಿಸಿತು. ಆ ಶನಿವಾರ ಒಂದು ಸೂಟ್‌ಕೇಸು, ತಿದ್ದಬೇಕಿದ್ದ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ವೆಸ್ಟ್ ಮಾಂಬಲಂಗೆ ಬಂದಳು. ಸತ್ಯಾತ್ಮ ಬಾಗಿಲು ತೆಗೆದು ಸೂಟ್‌ಕೇಸು ನೋಡಿದರು.

"ಎಷ್ಟು ದಿನಕ್ಕಮ್ಮ?"

"ಗೊತ್ತಿಲ್ಲಪ್ಪ. ಚನ್ನರಾಯಪಟ್ಟಣದಲ್ಲಿ ನನಗೆ ಆಗಿದ್ದು ವಾಂತಿಭೇದಿ ಅಲ್ಲ."

ಅವರು ಅವಳನ್ನು ಒಳಗೆ ಕೂರಿಸಿ, ಎದುರಿಗೆ ತಾವೂ ಕೂತು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ನಿಮ್ಮಮ್ಮ ಇದ್ದಿದ್ದರೆ ನಿನ್ನ ಬಾಯಿ ಬಿಡಿಸಿರೋಳು. ನಾನು ಕೇಳಲೇ ಇಲ್ಲ" ಎಂದರು. ಅನ್ನಕ್ಕಿಡಲು ಎದ್ದು ಹೋದವರು ಒಲೆಯ ಮುಂದೆ ಬಹಳ ಹೊತ್ತು ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು.

ವಂದನಾಳಿಗೆ ಹದಿನಾರನೇ ವಾರಕ್ಕೆ ಗರ್ಭಕೋಶದ ಬಾಯಿ ಗಿಡ್ಡವಾಗುತ್ತಿರುವುದು ಅಳತೆಯಲ್ಲಿ ಕಂಡು, ಹೊಲಿಗೆ ಹಾಕಿದರು. ಮೂವತ್ತೆಂಟನೇ ವಾರದಲ್ಲಿ ಮೂರು ಕೇಜಿಯ ಗಂಡುಮಗು ಹುಟ್ಟಿತು. ಸುದ್ದಿ ಹೇಳಲು ಶ್ರೀನಾಥ್ ಫೋನು ಮಾಡಿದ. ಈ ನಡುವೆ ಅವನು ಭಾನುವಾರಗಳಂದು ಬಂದು, ಮಾವನ ಜೊತೆ ಕಾಫಿ ಕುಡಿದು, ಯಾವಾಗ ಬರ್ತೀಯ ಎಂದು ಕೇಳಿ ಹೋಗುತ್ತಿದ್ದ. ವಿಭಾ ಸಂತೋಷ ಎಂದಳು. ಸಂತೋಷ ನಿಜವಾಗಿಯೂ ಆಗಿತ್ತು. ಆ ಸಂತೋಷದೊಳಗೇ ಒಂದು ಕಹಿಯೂ ಇತ್ತು.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ವಂದನಾ ತಾನೇ ಫೋನು ಮಾಡಿದಳು.

"ಅತ್ತಿಗೆ, ಇನ್ಶೂರೆನ್ಸಿಗೆ ಅಂತ ಫೈಲ್ ತೆಗೆದೆ. ಅದರಲ್ಲಿ ಅಮ್ಮಂದೆಲ್ಲ ಬರೆದಿದೆ. ಎರಡು ಹೋಗಿದ್ದು, ಹೊಲಿಗೆ ಹಾಕಿದ್ದು. ನೀವೇ ತಮಿಳಲ್ಲಿ ಹೇಳಿದ್ದು ಅಂದ್ರು ಅಮ್ಮ."

"ಹೌದು."

"ನಿಮಗೆ ಮೊದಲೂ ಒಂದು ಹೋಗಿತ್ತಲ್ಲ, ಗೌರಿಹಬ್ಬದಲ್ಲಿ. ಆಗ ನಾನು ಬೆಂಗಳೂರಲ್ಲಿದ್ದೆ, ನನಗೆ ಅಮ್ಮ ಆಮೇಲೆ ಹೇಳಿದ್ದು. ನಿಮ್ಮ ಫೈಲಲ್ಲೂ ಇದನ್ನೆಲ್ಲ ಬರೆಸಿದ್ರಾ?"

ವಿಭಾಳಿಗೆ ಎರಡು ಮನಸ್ಸಾಯಿತು. ಬಾಣಂತಿ, ಹಸಿಮೈ, ಈಗ ಹೇಳಬಾರದು ಎಂದು ಒಂದು ಮನಸ್ಸು. ಈ ಮನೆಯಲ್ಲಿ ಹೇಳಲು ಸರಿಯಾದ ಹೊತ್ತು ಎಂಬುದು ಯಾವತ್ತು ಬಂದಿತ್ತು ಎಂದು ಇನ್ನೊಂದು ಮನಸ್ಸು.

"ಇಲ್ಲ. ಚೊಚ್ಚಲು ಅಂತ ಬರೆಸಿದ್ವಿ."

"ಹೊಲಿಗೆ ಹಾಕಿದರೆ ನಿಲ್ಲುತ್ತೆ ಅಂತ ಅಮ್ಮನಿಗೆ ಆಗಲೂ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ನನ್ನ ಮದುವೆಗೋಸ್ಕರಾನಾ?"

"ಹೌದು ವಂದನಾ."

ಆ ಕಡೆ ಮಗು ಎಚ್ಚರವಾಗಿ ಅಳತೊಡಗಿತು. ಗಟ್ಟಿಯಾದ, ತುಂಬಿದ ದನಿ. ಗಾಜಿನ ಪೆಟ್ಟಿಗೆಯಲ್ಲಿದ್ದ ಅವಳ ಮಗು ಒಂದು ಸಲವೂ ಅಳಲಿಲ್ಲ, ಅದರ ಬಾಯಲ್ಲಿ ಕೊಳವೆ ಇತ್ತು. ವಂದನಾ ಫೋನು ಇಡುವವರೆಗೂ ವಿಭಾ ಆ ಅಳುವನ್ನು ಕೇಳಿಸಿಕೊಂಡಳು.

ಮರುವಾರವೇ ವಂದನಾ ತಾಯಿಯನ್ನು ಊರಿಗೆ ಕಳಿಸಿದಳು. ಬಾಣಂತನಕ್ಕೆ ಮೋಹನನ ಚಿಕ್ಕಮ್ಮ ಬಂದು ನಿಂತರು, ಆಸ್ಪತ್ರೆಯ ಫೈಲುಗಳ ಕೆಲಸದವರು, ಅವರೇ. ನಾಮಕರಣಕ್ಕೂ ಜಯಲಕ್ಷ್ಮಮ್ಮನನ್ನು ಕರೆಯಲಿಲ್ಲ ಎಂದು ಆಮೇಲೆ ತಿಳಿಯಿತು. ಮೊಮ್ಮಗನಿಗೆಂದು ಮಾಡಿಸಿಟ್ಟಿದ್ದ ಬೆಳ್ಳಿಯ ಉಡಿದಾರ ಚನ್ನರಾಯಪಟ್ಟಣದಲ್ಲೇ ಉಳಿಯಿತಂತೆ.

ಶ್ರೀನಾಥ್ ಆ ಭಾನುವಾರ ಬಂದಾಗ ಕಾಫಿ ಬೇಡವೆಂದ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಮಗಳು ಫೋನ್ ಎತ್ತಲ್ಲ ಅಂತ ದಿನಾ ಅಳ್ತಾರೆ. ನಮ್ಮ ಮನೆ ಒಡೆದಿತ್ತು, ಈಗ ಅಮ್ಮಂದೂ ಒಡೀತು. ನಿನಗೆ ಸಮಾಧಾನ ಆಯ್ತಾ?"

ವಿಭಾ ಸಿಟ್ಟಿಗೇಳಲಿಲ್ಲ. ಕೇಳಿದ್ದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡು ಯೋಚಿಸಿದಳು. ವಂದನಾಳಿಗೆ ಸತ್ಯ ಹೇಳಿದ ದಿನ ತನಗೆ ನಿದ್ದೆ ಬರುತ್ತದೆ ಎಂದುಕೊಂಡಿದ್ದಳು. ಬಂದಿರಲಿಲ್ಲ.

"ಆಗಿಲ್ಲ" ಎಂದಳು. "ಆದರೆ ಹೇಳಿದ್ದಕ್ಕೆ ಬೇಜಾರೂ ಇಲ್ಲ."

ಅವನು ಇನ್ನೇನಾದರೂ ಹೇಳುತ್ತಾನೇನೋ ಎಂದು ಅವಳು ಕಾದಳು. ಕ್ಷಮಿಸು ಎಂಬ ಒಂದು ಮಾತು ಅವನ ಬಾಯಿಂದ ಈವರೆಗೆ ಬಂದಿರಲಿಲ್ಲ. ಆ ದಿನವೂ ಬರಲಿಲ್ಲ. ಅವನು ಮೆಟ್ಟಿಲಿಳಿದು, ಗಲ್ಲಿಯಲ್ಲಿ ಅಡ್ಡ ನಿಲ್ಲಿಸಿದ್ದ ತರಕಾರಿ ಗಾಡಿಯ ಪಕ್ಕ ಬೈಕು ನುಗ್ಗಿಸಿಕೊಂಡು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಸತ್ಯಾತ್ಮ ಮಾತ್ರ ಇನ್ನೂ ಕೆಲವು ವಾರ, ಭಾನುವಾರ ಬೆಳಿಗ್ಗೆ ಅಳಿಯನಿಗೂ ಸೇರಿಸಿಯೇ ಡಿಕಾಕ್ಷನ್ ಹಾಕುತ್ತಿದ್ದರು.